ಜಿನೀವಾ ಸರೋವರದಲ್ಲಿ ಎಷ್ಟು ಟಿಎಂಸಿ ನೀರಿದೆ?

ರೈಲ್ವೆ ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ, ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ಓದುವವರು ಎರಡೇ ಬಗೆಯ ಜನ: ರೈಲು ತಪ್ಪಿಸಿಕೊಂಡವರು, ಮತ್ತು ನನ್ನಂತೆ ರೈಲಿಗೆ ಬಹಳ ಮುಂಚೆ ಬಂದು ಕೂರುವವರು. ಬಳ್ಳಾರಿಯಿಂದ ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಾಡಬೇಕು. ಹುಟ್ಟಿದಾಗಿನಿಂದ ಸಮುದ್ರದ ಮುಖ ಕಾಣದವರು ನಮ್ಮ ಓಣಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೂ ಸರ್ಕಾರ ನಮ್ಮನ್ನು ಅಳೆಯುವುದು ಅಲ್ಲಿಂದಲೇ. ಕೃಷ್ಣದೇವರಾಯನ ಕಾಲದಿಂದಲೋ ಹೈದರಾಲಿಯ ಕಾಲದಿಂದಲೋ ಅಳೆದಿದ್ದರೆ ನಮಗೂ ಒಂದಿಷ್ಟು ಅರ್ಥವಾಗುತ್ತಿತ್ತು.

ಸಿರುಗುಪ್ಪಕ್ಕೆ ಆ ಫಲಕದ ಭಾಗ್ಯವೂ ಇಲ್ಲ, ಯಾಕೆಂದರೆ ಅಲ್ಲಿಗೆ ರೈಲೇ ಇಲ್ಲ. ಹಾಗಾಗಿ ತಮ್ಮ ಊರು ಸಮುದ್ರಕ್ಕಿಂತ ಸುಮಾರು 370 ಮೀಟರ್ ಮೇಲಿದೆ ಎಂಬುದನ್ನು ಅಲ್ಲಿಯವರು ದಿನಾ ನೆನಪಿಸಿಕೊಳ್ಳಬೇಕಾದ ಪ್ರಮೇಯ ಬಂದಿಲ್ಲ. ಬಂದಿದ್ದರೆ ಮೀಸೆ ತಿರುವಬಹುದಿತ್ತು. ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ನೀರು ನಿಂತಿರುವುದು 372 ಮೀಟರ್ ಎತ್ತರದಲ್ಲಿ. ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲು ನೀರು ತುಂಬಿದ ಪೈಪಿನ ಎರಡು ತುದಿ ಹಿಡಿದು ನಿಲ್ಲುತ್ತಾರಲ್ಲ, ಹಾಗೆ ಒಂದು ತುದಿಯನ್ನು ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲೂ ಇನ್ನೊಂದನ್ನು ಆ ಸರೋವರದ ದಡದ ವೆವೆ ಎಂಬ ಪುಟ್ಟ ಊರಲ್ಲೂ ಹಿಡಿದರೆ ನೀರು ಆ ಕಡೆ ಈ ಕಡೆ ಅಲ್ಲಾಡಲಿಕ್ಕಿಲ್ಲ. ಬಳ್ಳಾರಿಯಂತೂ ವೆವೆಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಒಂದು ಗಂಟೆಗೆ ರಾಯಲ್ ಸರ್ಕಲ್‌ನಲ್ಲಿ ನಿಂತು ಇದನ್ನು ಯಾರಿಗಾದರೂ ಹೇಳಿ ನೋಡಿ. ನಿಮ್ಮನ್ನು ನೆರಳಿಗೆ ಕರೆದೊಯ್ದು ನೀರು ಕುಡಿಸುತ್ತಾರೆ.

ವೆವೆಯ ವಿಷಯ ನನ್ನ ತಲೆ ಹೊಕ್ಕದ್ದು ಅಕ್ಕನ ಮಗನಿಂದ. ಅವನು ಹೊಟ್ಟೆಪಾಡಿಗೆ ಅಲ್ಲಿಗೆ ಹೋಗಿ ಸೇರಿಕೊಂಡಿದ್ದಾನೆ. ಭಾನುವಾರ ಬಂತೆಂದರೆ ಸರೋವರದ ಫೋಟೊ ಕಳಿಸುತ್ತಾನೆ. ಮುಂದೆ ನೀರು, ಹಿಂದೆ ಹಿಮದ ಬೆಟ್ಟ, ನಡುವೆ ಇವನು. ಒಂದು ಸಲ ನೀರಿನೊಳಗಿಂದ ಎದ್ದು ನಿಂತ ಎಂಟು ಮೀಟರ್ ಎತ್ತರದ ಊಟದ ಫೋರ್ಕಿನ ಫೋಟೊ ಬಂತು. ಅಲ್ಲಿ ಆಹಾರದ ಮ್ಯೂಸಿಯಂ ಇದೆ, ಅದರ ಮುಂದೆ 1995ರಲ್ಲಿ ನಿಲ್ಲಿಸಿದ್ದಂತೆ. ಒಗ್ಗರಣಿ-ಮಿರ್ಚಿ ತಿನ್ನುತ್ತಿದ್ದ ನನ್ನ ಸ್ನೇಹಿತರೊಬ್ಬರಿಗೆ ತೋರಿಸಿದೆ. ಅವರು ಸಿರುಗುಪ್ಪದ ಕಡೆಯವರು, ಭತ್ತದ ವ್ಯಾಪಾರ. ಎಣ್ಣೆಗೈಯನ್ನು ಪೇಪರಿಗೆ ಒರೆಸಿಕೊಂಡು ಫೋಟೊ ದೊಡ್ಡದು ಮಾಡಿ ನೋಡಿ, “ಮೀನು ಹಿಡಿಯಾಕೇನ್ರಿ ಇದು?” ಅಂದರು.

ಊರು ಸಣ್ಣದಾದರೂ ವೆವೆಯ ಚರಿತ್ರೆ ಜೋರಾಗಿದೆ. ಜರ್ಮನಿಯಿಂದ ಬಂದ ಹೆನ್ರಿ ನೆಸ್ಲೆ ಎಂಬ ಔಷಧ ತಯಾರಕ ಮಕ್ಕಳಿಗಾಗಿ ಹಾಲಿನ ಹಿಟ್ಟು ಕಂಡುಹಿಡಿದದ್ದು 1867ರಲ್ಲಿ, ಅಲ್ಲೇ. ಅವನ ನೆರೆಯ ಡೇನಿಯಲ್ ಪೀಟರ್ 1875ರಲ್ಲಿ ಹಾಲಿನ ಚಾಕೊಲೇಟು ಮಾಡಿದ. ಚಾರ್ಲಿ ಚಾಪ್ಲಿನ್ ಕೊನೆಗಾಲದ ಇಪ್ಪತ್ತನಾಲ್ಕು ವರ್ಷ ಆ ಊರಿನ ಮಗ್ಗುಲಲ್ಲೇ ಇದ್ದು, 1977ರ ಕ್ರಿಸ್‌ಮಸ್ ದಿನ ಅಲ್ಲೇ ಕಣ್ಣು ಮುಚ್ಚಿದ. ಇಷ್ಟನ್ನೂ ನನ್ನ ಸ್ನೇಹಿತರಿಗೆ ವಿವರಿಸಿದೆ. ಕೇಳಿಸಿಕೊಂಡರು, ತಲೆಯನ್ನೂ ಆಡಿಸಿದರು. ಕೊನೆಗೆ ಕೇಳಿದ್ದು ಒಂದೇ: “ಎಷ್ಟು ಟಿಎಂಸಿ ಐತ್ರಿ ಆ ಕೆರಿ?”

ಈ ಪ್ರಶ್ನೆಗೆ ನಗುವವರು ತುಂಗಭದ್ರಾ ಸೀಮೆಯವರಲ್ಲ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಬೇರೆ ಕಡೆ ಇದು ಎಂಜಿನಿಯರುಗಳು, ವಕೀಲರು ಮಾತ್ರ ಬಳಸುವ ಲೆಕ್ಕ. ನಮ್ಮಲ್ಲಿ ಕ್ಷೌರದಂಗಡಿಯ ಬೆಂಚಿನ ಮೇಲೂ ನಡೆಯುತ್ತದೆ. ಜುಲೈ ತಿಂಗಳಲ್ಲಿ ಇಬ್ಬರು ರೈತರು ಎದುರಾದರೆ ಮೊದಲು ಒಳಹರಿವು ಎಷ್ಟು ಕ್ಯೂಸೆಕ್ಸ್, ಆಮೇಲೆ ಡ್ಯಾಮು ಎಷ್ಟು ಟಿಎಂಸಿ, ಕೊನೆಗೆ ಮನೆಯಲ್ಲಿ ಎಲ್ಲರೂ ಆರಾಮೇ. ಐಸಿಸಿ ಸಭೆ ಯಾವಾಗ ಎಂದು ಸಿರುಗುಪ್ಪದಲ್ಲಿ ಯಾರಾದರೂ ಕೇಳಿದರೆ ಅವರು ಕ್ರಿಕೆಟ್ಟಿನ ಮಾತಾಡುತ್ತಿಲ್ಲ; ಕಾಲುವೆಗೆ ಯಾವ ತಾರೀಕು ನೀರು ಬಿಡಬೇಕೆಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯನ್ನು ಕೇಳುತ್ತಿದ್ದಾರೆ.

ಹಾಗಾಗಿ ಪ್ರಶ್ನೆಯನ್ನು ಗೌರವದಿಂದಲೇ ಸ್ವೀಕರಿಸಿ, ಮನೆಗೆ ಬಂದು ಕಾಗದ ಪೆನ್ನು ಹಿಡಿದೆ. ಜಿನೀವಾ ಸರೋವರದ ನೀರು 89 ಘನ ಕಿಲೋಮೀಟರ್. ನಮ್ಮ ಲೆಕ್ಕಕ್ಕೆ ತಂದರೆ ಮೂರು ಸಾವಿರದ ನೂರ ನಲವತ್ತು ಟಿಎಂಸಿಯ ಆಸುಪಾಸು. ತುಂಗಭದ್ರಾ ಜಲಾಶಯಕ್ಕೆ ಕಟ್ಟಿದಾಗ ಹಿಡಿಸುತ್ತಿದ್ದದ್ದು 133 ಟಿಎಂಸಿ. ಹೂಳು ತುಂಬಿ ಈಗ 105ರ ಹತ್ತಿರ ಬಂದು ನಿಂತಿದೆ. ಅಂದರೆ ಆ ಒಂದು ಸರೋವರದೊಳಗೆ ನಮ್ಮ ಡ್ಯಾಮುಗಳು ಮೂವತ್ತು ಹಿಡಿಯುತ್ತವೆ. ಅಗಲದಲ್ಲಿ ನಾವು ಅಷ್ಟೇನೂ ಹಿಂದಿಲ್ಲ. ತುಂಬಿದಾಗ ನಮ್ಮದು 378 ಚದರ ಕಿಲೋಮೀಟರ್ ಹರಡುತ್ತದೆ, ಅವರದು 580. ವ್ಯತ್ಯಾಸವಿರುವುದು ಆಳದಲ್ಲಿ. ಅವರ ಸರೋವರ ಒಂದು ಕಡೆ 310 ಮೀಟರ್ ಆಳವಿದೆ. ಹಿಮಯುಗದ ನೀರ್ಗಲ್ಲು ಸಾವಿರಾರು ವರ್ಷ ಕೊರೆದು ಕೊಟ್ಟ ತಗ್ಗು ಅದು, ಟೆಂಡರ್ ಕರೆಯದೆ ಆದ ಕೆಲಸ. ನಮ್ಮದು 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತದ್ದು. ಎಷ್ಟೋ ಹಳ್ಳಿಗಳು ಮನೆ ಮಠ ಗುಡಿ ಬಿಟ್ಟು ಎದ್ದು ಹೋಗಿ ಜಾಗ ಕೊಟ್ಟವು.

ಲೆಕ್ಕ ಕೇಳಿದ ಸ್ನೇಹಿತರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅದರಾಗ ಆಂಧ್ರದ ಪಾಲೆಷ್ಟು?”

ಇದಕ್ಕೂ ನಗಬೇಡಿ. ಆ ಸರೋವರದ ಹತ್ತರಲ್ಲಿ ನಾಲ್ಕು ಪಾಲು ಫ್ರಾನ್ಸಿಗೆ ಸೇರಿದ್ದು; ಗಡಿ ನೀರಿನ ನಡುವೆಯೇ ಹಾದುಹೋಗುತ್ತದೆ. ಅದಿರಲಿ, ಸ್ವಿಸ್ಸರು ತಮ್ಮತಮ್ಮೊಳಗೇ ಜಗಳಾಡಿದ್ದಾರೆ. ನೀರು ಹೊರಹೋಗುವ ಬಾಯಿಯ ಹತ್ತಿರ ಜಿನೀವಾದವರು ಅಡ್ಡಗಟ್ಟೆ ಹಾಕಿಕೊಂಡಿದ್ದರು. ಅದರಿಂದ ತಮ್ಮ ದಡ ಮುಳುಗುತ್ತಿದೆ ಎಂದು ವೆವೆ ಇರುವ ವೋ ಪ್ರಾಂತ್ಯದವರು ಕೋರ್ಟಿಗೆ ಹೋದರು. ವರ್ಷಗಟ್ಟಲೆ ವ್ಯಾಜ್ಯ ನಡೆದು 1884ರಲ್ಲಿ ಮೂರು ಪ್ರಾಂತ್ಯಗಳು ಒಪ್ಪಂದಕ್ಕೆ ಸಹಿ ಹಾಕಿದವು. ಇತ್ತ ಮೈಸೂರು ಸಂಸ್ಥಾನವೂ ಮದರಾಸು ಸರ್ಕಾರವೂ ನದಿ ನೀರಿಗೆ ಒಪ್ಪಂದ ಮಾಡಿಕೊಂಡದ್ದು 1892ರಲ್ಲಿ. ಎಂಟೇ ವರ್ಷದ ಅಂತರ. ಅಲ್ಲಿ ಜಗಳ ನೀರು ಹೆಚ್ಚಾಯಿತೆಂದು, ಇಲ್ಲಿ ಕಡಿಮೆಯಾದೀತೆಂದು. ನಮ್ಮದು ಇನ್ನೂ ಮುಗಿದಿಲ್ಲ ಎಂಬುದನ್ನು ಬಿಟ್ಟರೆ ವಕೀಲರಿಗೆ ಹೆಚ್ಚಿನ ವ್ಯತ್ಯಾಸ ಕಾಣಲಿಕ್ಕಿಲ್ಲ.

ಸಿರುಗುಪ್ಪವನ್ನು ಸರೋವರದ ಊರು ಎನ್ನಲು ಬರುವುದಿಲ್ಲ. ಆದರೆ ನೀರಿನ ಊರು ಎನ್ನಲು ಅಡ್ಡಿಯಿಲ್ಲ. ಪಕ್ಕದಲ್ಲೇ ತುಂಗಭದ್ರೆ. ವೇದಾವತಿ ಎಂದು ಹುಟ್ಟಿ ಹಗರಿ ಎಂದು ಹೆಸರು ಬದಲಿಸಿಕೊಂಡ ನದಿಯೂ ಮರಳು ಎಳೆದುಕೊಂಡು ಬಂದು ಈ ತಾಲ್ಲೂಕಿನ ಕಡೆಯೇ ಅವಳನ್ನು ಸೇರುತ್ತಾಳೆ. ಡ್ಯಾಮು ಬರುವುದಕ್ಕೆ ನಾಲ್ಕೈದು ನೂರು ವರ್ಷ ಮೊದಲೇ ವಿಜಯನಗರದವರು ಬಂಡೆಗಳ ನಡುವೆ ಕಲ್ಲು ಜೋಡಿಸಿ ಅಣೆ ಕಟ್ಟಿ ಕಾಲುವೆ ತೆಗೆದಿದ್ದರು. ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ಈಗಲೂ ಗದ್ದೆಗೆ ನೀರುಣಿಸುತ್ತಿವೆ. ಊರಿನ ಹತ್ತಿರದ ಕೆಂಚನಗುಡ್ಡದಲ್ಲಿ ಹೊಳೆ ಬಂಡೆಗಳ ಮೇಲೆ ಹಾಸಿ ಹರಿಯುವುದನ್ನು ನೋಡಿದರೆ, ಆ ಕಾಲದ ಎಂಜಿನಿಯರ್ ಹೊಳೆಯೊಂದಿಗೆ ಜಗಳಕ್ಕೆ ನಿಂತವನಲ್ಲ ಎನಿಸುತ್ತದೆ. ಎಲ್ಲಿ ಬಂಡೆಯಿದೆಯೋ ಅಲ್ಲಿ ಒಪ್ಪಿಗೆ ಕೇಳಿದ್ದಾನೆ, ಬಂಡೆಯಿಲ್ಲದಲ್ಲಿ ಮಾತ್ರ ಕಲ್ಲಿಟ್ಟಿದ್ದಾನೆ.

ಆಮೇಲೆ ಬಂದದ್ದು ಎಲ್‌ಎಲ್‌ಸಿ, ಅಂದರೆ ಕೆಳಮಟ್ಟದ ಕಾಲುವೆ. ಜಲಾಶಯ ತುಂಬಿದಾಗ ನೀರಿನ ಮಟ್ಟ 1633 ಅಡಿ, ಸುಮಾರು 498 ಮೀಟರ್. ಸಿರುಗುಪ್ಪ ಅದಕ್ಕಿಂತ ನೂರಿಪ್ಪತ್ತೆಂಟು ಮೀಟರ್‌ನಷ್ಟು ತಗ್ಗಿನಲ್ಲಿದೆ. ಪಂಪಿಲ್ಲ, ಮೋಟಾರಿಲ್ಲ, ನೀರು ತನ್ನ ಪಾಡಿಗೆ ಇಳಿದು ಬರುತ್ತದೆ. ದಾರಿಯಲ್ಲಿ ಯಾರೂ ಪೈಪು ಇಳಿಬಿಡದಿದ್ದರೆ ಎಂಬ ಷರತ್ತು ಇದ್ದೇ ಇದೆ; ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಿದರೆ ಈ ಷರತ್ತಿನ ಬಗ್ಗೆ ಮಧ್ಯಾಹ್ನದಿಂದ ಸಂಜೆಯವರೆಗೆ ಹೇಳುತ್ತಾರೆ.

ನೀರು ಬಂದ ಮೇಲೆ ಎರೆನೆಲದ ಜೋಳ, ಹತ್ತಿ ಹಿಂದೆ ಸರಿದು ಭತ್ತ ಬಂತು. ಭತ್ತದ ಹಿಂದೆ ಮಿಲ್ಲುಗಳು ಬಂದವು. ನವೆಂಬರ್-ಡಿಸೆಂಬರಿನಲ್ಲಿ ಸಿರುಗುಪ್ಪದ ಕಡೆ ಹೊರಟರೆ ರಸ್ತೆಯ ಅರ್ಧ ಭಾಗ ವಾಹನಗಳಿಗೆ, ಇನ್ನರ್ಧ ಒಣಹಾಕಿದ ಭತ್ತಕ್ಕೆ. ನನ್ನ ಸ್ನೇಹಿತರು ಖರೀದಿ ಮಾಡುವುದನ್ನು ನಿಂತು ನೋಡಿದ್ದೇನೆ. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿ ಒಳಗಿನ ಬಿಸಿ ನೋಡುತ್ತಾರೆ. ಅಡಿಯಿಂದ ಒಂದು ಹಿಡಿ ತೆಗೆದು ಎರಡು ಅಂಗೈ ನಡುವೆ ಹಾಕಿ ತಿಕ್ಕಿ ಊದುತ್ತಾರೆ, ಹೊಟ್ಟು ಹಾರುತ್ತದೆ. ಉಳಿದ ಅಕ್ಕಿಕಾಳುಗಳಲ್ಲಿ ಒಂದನ್ನು ಮುಂಬಲ್ಲಿನಲ್ಲಿ ಇಟ್ಟು ಕಡಿಯುತ್ತಾರೆ. ಕಟ್ಟೆಂದು ಮುರಿದರೆ ಒಣಗಿದೆ. ಮೆತ್ತಗೆ ಚಪ್ಪಟೆಯಾದರೆ ಇನ್ನೂ ತೇವವಿದೆ, 75 ಕಿಲೋ ಚೀಲಕ್ಕೆ ಇಷ್ಟು ಕಡಿಮೆ. ತೇವ ಅಳೆಯುವ ಯಂತ್ರ ಅವರ ಟೇಬಲ್ಲಿನ ಮೇಲೇ ಇದೆ. ಅದನ್ನು ರೈತರಿಗೆ ತೋರಿಸುವುದಕ್ಕೆ ಇಟ್ಟಿದ್ದಾರೆ, ನಂಬುವುದು ಹಲ್ಲನ್ನು.

ಈ ದಾರಿಯಲ್ಲೇ ತೆಕ್ಕಲಕೋಟೆ. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಇಲ್ಲಿ ಅಗೆದು, ನಾಲ್ಕು ಸಾವಿರ ವರ್ಷದ ಹಿಂದಿನ ನವಶಿಲಾಯುಗದ ಜನ ಗುಡ್ಡದ ಗುಂಡುಗಳ ನಡುವೆ ದುಂಡನೆಯ ಗುಡಿಸಲು ಹಾಕಿಕೊಂಡಿದ್ದನ್ನು ತೋರಿಸಿದರು. ಚಿನ್ನದ ಒಡವೆಯೂ ಸಿಕ್ಕಿತು. ಕಲ್ಲಿನ ಕೊಡಲಿಯಲ್ಲಿ ಬದುಕು ಸಾಗಿಸುತ್ತಿದ್ದವರು ಚಿನ್ನವನ್ನು ಮಾತ್ರ ಮುಂಚಿತವಾಗಿಯೇ ಕಂಡುಕೊಂಡಿದ್ದರು. ಇಂದಿನ ಬಳ್ಳಾರಿಯ ಬಂಗಾರದ ಅಂಗಡಿಗಳ ಸಾಲು ನೋಡಿದರೆ ವಂಶಾವಳಿಯಲ್ಲಿ ಅನುಮಾನ ಉಳಿಯುವುದಿಲ್ಲ.

ಸ್ವಿಟ್ಜರ್ಲೆಂಡಿನಲ್ಲೂ ಅಂಥ ಜನ ಇದ್ದರು, ಆದರೆ ನೀರಿನ ಅಂಚಿನಲ್ಲಿ. 1853-54ರ ಚಳಿಗಾಲದಲ್ಲಿ ಜೂರಿಕ್ ಸರೋವರದ ನೀರು ಬಹಳ ಇಳಿದು, ಮೈಲೆನ್ ಎಂಬ ಸಣ್ಣ ಊರಿನ ದಡದ ಕೆಸರಿನಲ್ಲಿ ಮರದ ಗೂಟಗಳ ಸಾಲು ಕಾಣಿಸಿಕೊಂಡಿತು. ಫರ್ಡಿನಂಡ್ ಕೆಲ್ಲರ್ ಎಂಬ ವಿದ್ವಾಂಸ ಅವು ಕಲ್ಲಿನ ಯುಗದವರ ಮನೆಗಳ ಕಂಬಗಳೆಂದು ಗುರುತಿಸಿದ. ಅಲ್ಲಿ ಬರ ಬಂದರೆ ಚರಿತ್ರೆ ಕಾಣುತ್ತದೆ. ಇಲ್ಲಿಯವರು ಮೊದಲೇ ಗುಡ್ಡದ ಮೇಲೆ ಹತ್ತಿ ಕೂತಿದ್ದರು. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡಗಳಿಗೆ 1872ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಬಂದಾಗ ಕಲ್ಲುಕೊಡಲಿಗಳು ಕಾಲಿಗೆ ಸಿಗುವಂತೆ ಬಿದ್ದಿದ್ದವು. ಹಿರೇಗುಡ್ಡದ ಮೇಲೆ ಕಪ್ಪುಕಲ್ಲಿನ ಪದರ ಹಾದುಹೋಗಿದೆ; ಅದನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿ ಮಾಡುವ ಕಾರ್ಖಾನೆಯೇ ಅಲ್ಲಿತ್ತು. ಬಳ್ಳಾರಿಯ ಮೊದಲ ಗಣಿಗಾರಿಕೆ ಎಂದು ಬೇಕಾದರೆ ಹೇಳಿ, ಪರವಾನಗಿಯ ತಕರಾರು ಆಗ ಇರಲಿಲ್ಲ. ಅದೇ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳೂ ಇವೆ. ಬಂಡೆಯ ಮೈಮೇಲೆ ಬಟ್ಟಲಿನಂಥ ನುಣುಪಾದ ಕುಳಿಗಳು. ತಲೆತಲಾಂತರದಿಂದ ಅಲ್ಲೇ ಬಡಿದೂ ಬಡಿದೂ ಸವೆದದ್ದು. ಸಣ್ಣ ಕಲ್ಲು ತೆಗೆದು ಆ ಕುಳಿಗೇ ಬಡಿದರೆ ‘ಠಣ್’ ಎನ್ನುತ್ತದೆ. ಒಂದು ಗೇಣು ಆಚೆ ಬಡಿದರೆ ಬರೀ ಕಲ್ಲಿನ ಸದ್ದು.

ದನಗಳ ವಿಷಯ ಬೇರೆ. ಅವರ ಹಸುವಿನಿಂದ ಚಾಕೊಲೇಟು ಹುಟ್ಟಿತು, ನಮ್ಮ ಹಸುವಿನಿಂದ ಪುರಾತತ್ವ. ಕುಡತಿನಿಯ ಹತ್ತಿರ ದೊಡ್ಡ ಬೂದಿದಿಬ್ಬವಿದೆ. ರಾಕ್ಷಸರನ್ನು ಸುಟ್ಟ ಬೂದಿ ಎಂದು ಹಿಂದಿನವರು ಹೇಳುತ್ತಿದ್ದರು. ದೊಡ್ಡಿಯಲ್ಲಿ ವರ್ಷವರ್ಷ ಒಟ್ಟಿದ ಸಗಣಿಯನ್ನು ನವಶಿಲಾಯುಗದ ಗೋಪಾಲಕರು ಸುಟ್ಟದ್ದು ಎಂದು ವಿದ್ವಾಂಸರು ತೀರ್ಮಾನಿಸಿದ್ದಾರೆ. ಬೂದಿಗೂ ಆ ಊರಿಗೂ ಋಣಾನುಬಂಧವಿರಬೇಕು: ಈಗ ಬಳ್ಳಾರಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರ ನಿಂತಿರುವುದೂ ಕುಡತಿನಿಯಲ್ಲೇ.

ದನದ ಮಾತು ಬಂದಾಗ ಕುರುಗೋಡನ್ನು ಬಿಟ್ಟು ಮುಂದೆ ಹೋಗಲಾಗದು. ಅಲ್ಲಿ ದೊಡ್ಡಬಸವೇಶ್ವರನ ಗುಡಿಯಲ್ಲಿ ಸುಮಾರು 12 ಅಡಿ ಎತ್ತರದ ಏಕಶಿಲೆಯ ಬಸವ. ಬೇರೆಡೆ ನಂದಿ ಲಿಂಗದ ಮುಂದೆ ಕೂತು ಕಾಯುವ ನೌಕರಿಯಲ್ಲಿರುತ್ತಾನೆ. ಇಲ್ಲಿ ಅವನೇ ಯಜಮಾನ, ತೇರೂ ಅವನದೇ. ಈಚೆಗಷ್ಟೇ ತಾಲ್ಲೂಕು ಕೇಂದ್ರವಾಗಿ, ಯಾವ ಕಚೇರಿ ಎಲ್ಲಿದೆಯೆಂದು ಹುಡುಕಾಡುವ ಸಂಭ್ರಮದಲ್ಲಿರುವ ಈ ಊರು ಹನ್ನೆರಡನೇ ಶತಮಾನದಲ್ಲಿ ರಾಜಧಾನಿಯಾಗಿತ್ತು. ಬಲ್ಲಕುಂದೆ ಮುನ್ನೂರು ಎಂಬ ನಾಡನ್ನಾಳಿದ ಸಿಂದರು ಇಲ್ಲಿಂದ ಆಳಿದರು. ಮೊದಲು ಕಲ್ಯಾಣದ ಚಾಲುಕ್ಯರಿಗೆ, ಆಮೇಲೆ ಕಳಚುರಿಗಳಿಗೆ ತಲೆಬಾಗಿ, ಗುಡ್ಡದ ಕೋಟೆಯಲ್ಲಿ ತಮ್ಮ ಪಾಡಿಗೆ ತಾವು ಗುಡಿ ಕಟ್ಟಿಸಿಕೊಂಡಿದ್ದರು. ಎಂಟುನೂರು ವರ್ಷದ ಹಿಂದೆ ರಾಜಧಾನಿಯಾಗಿದ್ದ ಊರು ತಾಲ್ಲೂಕಾಗಲು ಅರ್ಜಿ ಹಾಕಿ ಕಾಯಬೇಕಾಯಿತಲ್ಲ! ಬಡ್ತಿ, ಹಿಂಬಡ್ತಿ ಎಂದು ಕೊರಗುವ ನೌಕರರು ಒಮ್ಮೆ ಕುರುಗೋಡಿಗೆ ಹೋಗಿ ಬರಬೇಕು.

ಬಳ್ಳಾರಿ ಕೈ ಬದಲಾಯಿಸಿದ ಕಥೆಯೂ ವೆವೆಯ ಕಥೆಯೂ ಒಂದು ಕಡೆ ತಾಗುತ್ತವೆ. ಸವಾಯ್ ದೊರೆಗಳ ಕೈಯಲ್ಲಿದ್ದ ವೋ ನಾಡನ್ನು 1536ರಲ್ಲಿ ಬರ್ನ್‌ನವರು ಹಿಡಿದರು. 1798ರಲ್ಲಿ ಅದು ಬಿಡಿಸಿಕೊಂಡು, ನೆಪೋಲಿಯನ್ನನ ಏರ್ಪಾಡಿನಂತೆ 1803ರಲ್ಲಿ ಸ್ವಿಸ್ ಒಕ್ಕೂಟದ ಪ್ರಾಂತ್ಯವಾಯಿತು. ಇತ್ತ ವಿಜಯನಗರ, ಹಂಡೆ ಪಾಳೆಯಗಾರರು, ಹೈದರ್, ಟಿಪ್ಪು ಎಲ್ಲ ಆಗಿ, ನಿಜಾಮನ ಪಾಲಿಗೆ ಬಂದಿದ್ದ ಬಳ್ಳಾರಿಯನ್ನು ಅವನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ. ಪಡೆದ ಗವರ್ನರ್ ಜನರಲ್ ವೆಲ್ಲೆಸ್ಲಿ. ಅವನ ತಮ್ಮನೇ ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಆಮೇಲೆ ನಾವು ಮದರಾಸಿನವರಾಗಿದ್ದೆವು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋಗಿ, ಉಳಿದ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಅದರ ಹಿಂದಿನ ರಾತ್ರಿ ಸಂಭ್ರಮದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರು ದಾಳಿಗೆ ತುತ್ತಾಗಿ ಪ್ರಾಣ ಕೊಟ್ಟರು. ಗಡಿ ಎಂದರೆ ಭೂಪಟದ ಗೆರೆ ಎಂದು ಹಗುರವಾಗಿ ಮಾತಾಡಲು ಬಳ್ಳಾರಿಯಲ್ಲಿ ಬಾಯಿ ಬರುವುದಿಲ್ಲ.

ಕೋಟೆಯದು ಮಾತ್ರ ಹಾಸ್ಯದ ಕಥೆ, ಕರಾಳ ಹಾಸ್ಯದ್ದು. ಹೈದರಾಲಿ ಫ್ರೆಂಚ್ ಎಂಜಿನಿಯರನಿಂದ ಬಳ್ಳಾರಿ ಗುಡ್ಡದ ಕೋಟೆಯನ್ನು ಬಲಪಡಿಸಿದ, ಕೆಳಕೋಟೆ ಕಟ್ಟಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿದೆ, ಶತ್ರು ಅಲ್ಲಿ ಫಿರಂಗಿ ಇಟ್ಟರೆ ಮುಗಿಯಿತು. ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದ ಎಂದು ಊರಿನಲ್ಲಿ ಹೇಳುತ್ತಾರೆ. ಎತ್ತರ ಅಳೆಯುವ ಹಳದಿ ಫಲಕ ಆಗ ಇದ್ದಿದ್ದರೆ ಬಡಪಾಯಿ ಬದುಕುತ್ತಿದ್ದ. ಮೇಲುಕೋಟೆಯಲ್ಲಿ ಬಾವಿಯಿಲ್ಲ. ಬಂಡೆಯ ಬಿರುಕುಗಳಲ್ಲಿ ಮಳೆನೀರು ನಿಲ್ಲುವ ದೊಣೆಗಳೇ ಗತಿ. ಪಾಚಿ ಹಸಿರಿನ ಆ ದೊಣೆಗಳ ಅಂಚಿನಲ್ಲಿ ಕೂತರೆ ಮುಂದೆ ನೀರು, ಹಿಂದೆ ಗುಡ್ಡ, ನಡುವೆ ನಾವು. ವೆವೆಯ ಫೋಟೊಕ್ಕೆ ಬೇಕಾದದ್ದೆಲ್ಲ ಇದೆ, ಹಿಮವೊಂದು ಬಿಟ್ಟು. ಕೆಳಗೆ ಊರಿನಲ್ಲಿ ನಲ್ಲಚೆರುವು, ಮಿಲ್ಲರ್ ಕೆರೆ ಎಂದರೆ ಆಟೊದವರು ಗುರುತು ಹಿಡಿದು ಕರೆದೊಯ್ಯುತ್ತಾರೆ. ಕುಡಿಯುವ ನೀರು ಬರುವುದು ಅಲ್ಲಿಂದಲ್ಲ, ಕಾಲುವೆ ನೀರು ತುಂಬಿಸಿಡುವ ಅಲ್ಲೀಪುರದ ಕೆರೆಯಂಥವುಗಳಿಂದ. ಬಂದ ದಿನ ಓಣಿಯ ಬಿಂದಿಗೆ, ಡ್ರಮ್ಮು, ಬಕೆಟ್ಟು ಎಲ್ಲವೂ ಕಿರು ಜಲಾಶಯಗಳೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಡ್ಯಾಮು. ಮರುದಿನ ಬೆಳಿಗ್ಗೆ ಸಿರುಗುಪ್ಪದ ಸ್ನೇಹಿತರು ಮೂರು ಸಲ ಫೋನು ಮಾಡಿದರು. ನಾಟಿಯಾದ ಗದ್ದೆ, ಎರಡನೇ ಬೆಳೆ, ಕೊಟ್ಟ ಸಾಲ ಎಲ್ಲ ಆ ಕಿಂಡಿಯಿಂದ ಹೊರಗೆ ಹರಿಯುತ್ತಿದ್ದವು. ನಾಲ್ಕನೆಯ ಫೋನು ವೆವೆಯಿಂದ. ಅಕ್ಕನ ಮಗ ಸರೋವರದ ದಡದ ಬೆಂಚಿನ ಮೇಲೆ ಕೂತು ನಮ್ಮ ಡ್ಯಾಮಿನ ವೀಡಿಯೊ ನೋಡುತ್ತಿದ್ದ. “ಮಾಮಾ, ಕಂಪ್ಲಿ ಸೇತುವೆ ಮುಳುಗ್ತಾ?” ಎಂದ. ಹಿಂದೆ ಎಂಟು ಮೀಟರಿನ ಫೋರ್ಕು ಕಾಣುತ್ತಿತ್ತು. ಆ ಹೊತ್ತಿಗೆ ಅದು ಅವನಿಗೆ ಕಂಡಿರಲಿಕ್ಕಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ಹರಿಯುವ ನೀರಿನಲ್ಲೇ ತುಂಡುತುಂಡಾಗಿ ಉಕ್ಕಿನ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಕಿಂಡಿ ಮುಚ್ಚಿಸಿದರು. ಆ ವಾರವೆಲ್ಲ ಹುಡುಗ ದಿನಾ ಟಿಎಂಸಿ ಕೇಳುತ್ತಿದ್ದ. ಕೊನೆಗೆ ಮಳೆಯೂ ಕೈಬಿಡಲಿಲ್ಲ, ಜಲಾಶಯ ಮತ್ತೆ ತುಂಬಿತು.

ಆ ಸುದ್ದಿ ಹೇಳಲು ಫೋನು ಮಾಡಿದಾಗ ಅಕ್ಕ ಪಕ್ಕದಲ್ಲೇ ಇದ್ದಳು. ಮೂರು ಸಾವಿರ ಟಿಎಂಸಿ, ಫ್ರಾನ್ಸಿನ ಪಾಲು, ಚಾಪ್ಲಿನ್ ಎಲ್ಲವನ್ನೂ ಅವಳು ನನ್ನಿಂದ ಸಾಕಷ್ಟು ಕೇಳಿದ್ದಾಳೆ. ಆ ಸರೋವರದ ನೀರನ್ನೇ ಶುದ್ಧ ಮಾಡಿ ಸುತ್ತಲ ಊರುಗಳಿಗೆ ಕುಡಿಯಲು ಕೊಡುತ್ತಾರೆಂದು ಹುಡುಗ ಹೆಮ್ಮೆಯಿಂದ ಹೇಳುತ್ತಿದ್ದಂತೆ ಫೋನು ನನ್ನ ಕೈಯಿಂದ ಹೋಯಿತು.

“ಎಷ್ಟಾದ್ರೂ ಕೆರಿ ನೀರು ಕಣಪ್ಪಾ,” ಎಂದಳು ಅಕ್ಕ, “ಕಾಸಿ ಆರಿಸಿ ಕುಡಿ.”